ಹಾರಾಟ ಒಂದು ಗಂಟೆ, ಪ್ರಯಾಣ ಆರು ಗಂಟೆ

ಬಳ್ಳಾರಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಯಾರನ್ನು ಕೇಳಿದರೂ ‘ಒಂದು ಗಂಟೆ’ ಎನ್ನುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೂ ದೇವನಹಳ್ಳಿಗೂ ಅಕ್ಷಾಂಶದಲ್ಲಿ ಸುಮಾರು ಎರಡು ಡಿಗ್ರಿ, ರೇಖಾಂಶದಲ್ಲಿ ಸುಮಾರು ಒಂದು ಡಿಗ್ರಿ ವ್ಯತ್ಯಾಸ. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದು ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಹಾಕಿದರೆ ನೇರ ದೂರ 250 ಕಿ.ಮೀ. ಆಸುಪಾಸು ಬರುತ್ತದೆ. ಎಟಿಆರ್-72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅಂದರೆ ಅರ್ಧ ಗಂಟೆ. ಏರುವುದು, ಇಳಿಯುವುದು, ರನ್‌ವೇಯಲ್ಲಿ ಸಾಗುವುದಕ್ಕೆ ಇನ್ನರ್ಧ ಗಂಟೆ.

ಆದರೆ ನಮ್ಮ ಪ್ರಯಾಣ ಶುರುವಾಗುವುದು ಮನೆಯ ಹೊಸ್ತಿಲಿನಿಂದ. ಸಿರುಗುಪ್ಪದ ಹುಡುಗಿಯೊಬ್ಬಳು ಬೆಂಗಳೂರಿಗೆ ಸಂದರ್ಶನಕ್ಕೆ ಹೊರಟಳು ಎಂದುಕೊಳ್ಳಿ. ಬಳ್ಳಾರಿಗೆ ಬಂದು, ಬಸ್ ಬದಲಿಸಿ ತೋರಣಗಲ್ಲು ಸೇರಲು ಎರಡು ಗಂಟೆಗೂ ಹೆಚ್ಚು. ವಿಮಾನ ಹೊರಡುವ ಒಂದು ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ ಒಂದು ಗಂಟೆ. ಇಳಿದು ಬ್ಯಾಗ್ ಪಡೆದು, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಬರಲು ಮತ್ತೆರಡು ಗಂಟೆ. ಒಟ್ಟು ಆರು ಗಂಟೆ! ನಮ್ಮ ಕುರುಗೋಡಿನಿಂದ ಹೊರಟರೂ ಐದು ಗಂಟೆಗೆ ಕಡಿಮೆಯಿಲ್ಲ.

ರಾತ್ರಿ ಬಸ್ಸು ಅಥವಾ ಹಂಪಿ ಎಕ್ಸ್‌ಪ್ರೆಸ್ ಇದಕ್ಕಿಂತ ನಿಧಾನ ನಿಜ. ರೈಲಂತೂ ಗುಂತಕಲ್ ಸುತ್ತಿಕೊಂಡು ಹೋಗುತ್ತದೆ. ಆದರೆ ಆ ಗಂಟೆಗಳು ನಿದ್ದೆಯಲ್ಲಿ ಕಳೆಯುತ್ತವೆ, ಬೆಳಿಗ್ಗೆ ಹತ್ತರ ಸಂದರ್ಶನಕ್ಕೆ ತಲುಪಿಸುತ್ತವೆ. ವಿಮಾನದ ಸಮಯ ಹೊಂದದಿದ್ದರೆ ಹಿಂದಿನ ದಿನವೇ ಹೋಗಿ ಲಾಡ್ಜ್‌ನಲ್ಲಿ ಉಳಿಯಬೇಕು. ಟಿಕೆಟ್ ಜೊತೆಗೆ ಅದೂ ಖರ್ಚು.

2016ರಲ್ಲಿ ಉಡಾನ್ ಯೋಜನೆ ಬಂದಾಗ ಒಂದು ಗಂಟೆಯ ಹಾರಾಟಕ್ಕೆ ಸುಮಾರು ₹2,500 ಎಂಬ ಮಿತಿ ಹಾಕಿದರು. ಅದು ವಿಮಾನದ ಒಂದಷ್ಟು ಸೀಟುಗಳಿಗೆ ಮಾತ್ರ. ಕಂಪನಿಗೆ ಸಿಗುವ ನಷ್ಟ ಭರ್ತಿ ಹಣವೂ ಮೂರು ವರ್ಷಕ್ಕಷ್ಟೆ. ವಿದ್ಯಾನಗರದಿಂದ ಹೈದರಾಬಾದ್, ಬೆಂಗಳೂರಿಗೆ ಹಾರಿದ ಟ್ರೂಜೆಟ್ 2022ರಲ್ಲಿ ನಿಂತೇ ಹೋಯಿತು. ಕಂಪನಿಗಳು ಬರುತ್ತವೆ, ಹೋಗುತ್ತವೆ. ಅವುಗಳನ್ನು ನಂಬಿ ಕೆಲಸ ಹುಡುಕುವುದು ಕಷ್ಟ.

ಇನ್ನೊಂದೆಡೆ ಬಳ್ಳಾರಿಗೆ ಹತ್ತಿರದ ಚಾಗನೂರು–ಸಿರಿವಾರದಲ್ಲಿ ಹೊಸ ನಿಲ್ದಾಣಕ್ಕೆಂದು ರೈತರ ವಿರೋಧದ ನಡುವೆಯೇ ಜಮೀನು ಪಡೆದು ದಶಕ ದಾಟಿದೆ. ನೀರಾವರಿ ಹೊಲವೆಂದರೆ ಏನೆಂದು ತುಂಗಭದ್ರಾ ಕಾಲುವೆಯ ನೀರುಂಡ ಸಿರುಗುಪ್ಪ, ಕುರುಗೋಡಿನವರಿಗೆ ಹೇಳಬೇಕಿಲ್ಲ.

ನಾನು ವಿಮಾನದ ವಿರೋಧಿಯಲ್ಲ. ಹೈದರಾಬಾದ್‌ನಲ್ಲಿ ವಿಮಾನ ಬದಲಿಸಿ ದೆಹಲಿಗೆ ಹೋಗುವವರಿಗೆ, ತುರ್ತು ಚಿಕಿತ್ಸೆಗೆ ಹೊರಟವರಿಗೆ, ಉದ್ಯಮಿಗಳಿಗೆ ಅದು ಬೇಕೇ ಬೇಕು. ಆದರೆ ಅದು ನಮಗೂ ದಕ್ಕಬೇಕಾದರೆ ವಿಮಾನದ ಸಮಯಕ್ಕೆ ಹೊಂದುವಂತೆ ಸಿರುಗುಪ್ಪದಿಂದ ಕುರುಗೋಡು, ಬಳ್ಳಾರಿ ಮೂಲಕ ತೋರಣಗಲ್ಲಿಗೆ ಬಸ್ ಬಿಡಬೇಕು. ಚಾಗನೂರಿನ ಜಮೀನಿನ ಬಗ್ಗೆ ಸರ್ಕಾರ ಒಂದು ತೀರ್ಮಾನಕ್ಕೆ ಬಂದು ರೈತರಿಗೆ ತಿಳಿಸಬೇಕು. ಬೆಂಗಳೂರಿಗೆ ವೇಗದ ರೈಲು, ಹೆಚ್ಚು ರಾತ್ರಿ ಬಸ್ಸುಗಳ ಬೇಡಿಕೆಯೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಗೆಳೆಯರೇ, ಮುಂದಿನ ಸಲ ಯಾರಾದರೂ ‘ಬೆಂಗಳೂರು ಒಂದೇ ಗಂಟೆ’ ಎಂದರೆ, ‘ಯಾರ ಮನೆಯಿಂದ?’ ಎಂದು ಕೇಳಿ.