ಬೇಲಿಯೇ ಹೊಲ ಮೇಯ್ದಾಗ

ಬೆಳಿಗ್ಗೆ ಎದ್ದ ಕೂಡಲೇ ಹಾಲಿನ ಪಾತ್ರೆ ಎತ್ತಲಾಗದ ತಾಯಿ, ಹೊತ್ತೇರಿದಂತೆ ಅದೇ ಕೈಯಿಂದ ಅಡುಗೆ ಮಾಡುತ್ತಾರೆ. ಇದನ್ನು ಸೋಮಾರಿತನ ಎಂದುಕೊಳ್ಳುವ ಮನೆಗಳುಂಟು. ನಿಜವಾಗಿ ಇದು ರುಮಟಾಯ್ಡ್ ಸಂಧಿವಾತದ ಮುಖ್ಯ ಲಕ್ಷಣ. ರಾತ್ರಿಯ ವಿಶ್ರಾಂತಿಯ ಬಳಿಕ ಬೆರಳು, ಮಣಿಕಟ್ಟುಗಳ ಕೀಲುಗಳು ಎಷ್ಟೋ ವೇಳೆ ಒಂದು ಗಂಟೆಗೂ ಹೆಚ್ಚು ಕಾಲ ಬಿಗಿದುಕೊಂಡಿರುತ್ತವೆ.

ಇದಕ್ಕೆ ಕಾರಣವೇನು? ದೇಹದ ರಕ್ಷಣಾ ವ್ಯವಸ್ಥೆಯ ಕೆಲಸ ಹೊರಗಿನಿಂದ ಬಂದ ರೋಗಾಣುಗಳನ್ನು ನಾಶ ಮಾಡುವುದು. ಈ ರೋಗದಲ್ಲಿ ಅದು ಸ್ವಂತ ಕೀಲುಗಳ ಒಳಪೊರೆಯ ಮೇಲೆಯೇ ಎರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಪೊರೆ ಊದಿಕೊಳ್ಳುತ್ತದೆ. ಚಿಕಿತ್ಸೆ ತಡವಾದರೆ ಮೃದ್ವಸ್ಥಿ ಮತ್ತು ಮೂಳೆ ಹಾಳಾಗಿ ಬೆರಳುಗಳು ಸೊಟ್ಟಗಾಗಬಹುದು. ವಯಸ್ಸಾದವರ ಮಂಡಿ ಸವೆತವೇ ಬೇರೆ, ಇದೇ ಬೇರೆ. ಇದು ಹರೆಯದವರಿಗೂ ಬರಬಹುದು. ಗಂಡಸರಿಗಿಂತ ಹೆಂಗಸರಲ್ಲಿ 2ರಿಂದ 3 ಪಟ್ಟು ಹೆಚ್ಚು.

'ಅಮ್ಮನಿಗೆ ಬಂದದ್ದು ನನಗೂ ಬರುತ್ತದೆಯೇ?' ಎಂದು ಮಕ್ಕಳು ಒಳಗೊಳಗೇ ಹೆದರುವುದುಂಟು. ಇದು ಅಂಟುರೋಗವಲ್ಲ. ವಂಶವಾಹಿಗಳ ಪಾತ್ರವಿದೆ, ನಿಜ. ಆದರೆ ಒಂದೇ ರೀತಿಯ ವಂಶವಾಹಿಗಳಿರುವ ಅವಳಿಗಳಲ್ಲಿಯೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಸುಮಾರು ಶೇಕಡ 15 ಮಾತ್ರ. ಧೂಮಪಾನ ಈ ಅಪಾಯವನ್ನು ಹೆಚ್ಚಿಸುತ್ತದೆ. ಅದನ್ನು ದೂರವಿಡುವುದು ಪ್ರತಿಯೊಬ್ಬರ ಕೈಯಲ್ಲಿದೆ.

1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಈ ರೋಗಕ್ಕೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ರೋಗಿ ಚೇತರಿಸಿಕೊಂಡರು. 1950ರ ನೊಬೆಲ್ ಪ್ರಶಸ್ತಿ ಹೆಂಚ್ ಅವರಿಗೂ ಸಂದಿತು. ಆದರೆ ಸ್ಟೀರಾಯ್ಡ್‌ಗಳನ್ನು ಬಹುಕಾಲ ಸೇವಿಸಿದರೆ ಮೂಳೆ ದುರ್ಬಲವಾಗುತ್ತದೆ, ಸಕ್ಕರೆಯ ಅಂಶ ಏರುತ್ತದೆ. ಹಾಗೆಂದು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸುವುದೂ ಅಪಾಯ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಔಷಧ ಮೆಥೊಟ್ರೆಕ್ಸೇಟ್. ಇಲ್ಲಿ ಮನೆಯವರೆಲ್ಲ ನೆನಪಿಡಬೇಕಾದ ಮಾತೊಂದಿದೆ: ಈ ರೋಗಕ್ಕೆ ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ಮರೆತು ದಿನವೂ ನುಂಗಿದರೆ ರಕ್ತಕಣಗಳ ಉತ್ಪತ್ತಿ ಕುಸಿದು ಪ್ರಾಣಕ್ಕೇ ಕುತ್ತಾದೀತು. ಓದು ಬಲ್ಲ ಮಗ ಅಥವಾ ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಗುರುತು ಹಾಕಲಿ. ವೈದ್ಯರು ಹೇಳಿದಾಗ ರಕ್ತಪರೀಕ್ಷೆ ತಪ್ಪಿಸಬಾರದು.

ರೋಗ ಪೂರ್ಣ ವಾಸಿಯಾಗದಿದ್ದರೂ ಬೇಗ ಚಿಕಿತ್ಸೆ ಆರಂಭಿಸಿದರೆ ಹತೋಟಿಯಲ್ಲಿರುತ್ತದೆ. ನೀರು ತುಂಬುವುದು, ಬಟ್ಟೆ ಹಿಂಡುವುದು, ಹಿಟ್ಟು ನಾದುವುದು, ಇವನ್ನು ಮನೆಯವರೆಲ್ಲ ಹಂಚಿಕೊಳ್ಳಬೇಕು. ಮಗಳೊಬ್ಬಳ ಮೇಲೆಯೇ ಹೊರಿಸಿ ಅವಳ ಓದು ಕೆಡಿಸಬಾರದು. ಹಿಟ್ಟು ನಾದಿದರೆ ಗಂಡುಮಕ್ಕಳ ಕೈಯೇನೂ ಸವೆಯುವುದಿಲ್ಲ.