ನಂಬರ್ ಅದೇ, ನೆಟ್‌ವರ್ಕ್ ಬೇರೆ. ಆದ್ರೆ ಟವರ್ ಎಲ್ಲಿ?

ಪೋರ್ಟ್ ಆಗೋದು ಅಂದ್ರೇನು ಅಂತ ಮಸ್ಕಿ ಮತದಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. 2018ರಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದ್ದರು. 2021ರ ಉಪಚುನಾವಣೆ ಬಂದಾಗ ಪಾಟೀಲರು ಬಿಜೆಪಿ, ತುರ್ವಿಹಾಳರು ಕಾಂಗ್ರೆಸ್. ನಂಬರ್ ಎರಡೂ ಹಳೆಯವೇ, ನೆಟ್‌ವರ್ಕ್ ಮಾತ್ರ ಅದಲುಬದಲು. ರೈತರು ಕೇಳುತ್ತಿದ್ದದ್ದು ಮಾತ್ರ ಒಂದೇ: 5ಎ ಕಾಲುವೆ. ಯಾರು ಎಲ್ಲಿಗೆ ಪೋರ್ಟ್ ಆದರೂ ಅದರಿಂದಲೇ ಹೊಲಕ್ಕೆ ನೀರು ಬರಲ್ಲ.

ಮೊಬೈಲ್ ಕಥೆಯೂ ಹೀಗೇ ಇದೆ.

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು ದೇಶದ ಎಲ್ಲರಿಗೂ ಸಿಕ್ಕಿದ್ದು 2011ರ ಜನವರಿ 20ರಂದು. 2015ರ ಜುಲೈ 3ರಿಂದ ಬೇರೆ ರಾಜ್ಯಕ್ಕೆ ಹೋದರೂ ಅದೇ ನಂಬರ್ ಇಟ್ಟುಕೊಳ್ಳಬಹುದು. 2019ರ ಡಿಸೆಂಬರ್‌ನಲ್ಲಿ ನಿಯಮ ಇನ್ನಷ್ಟು ಸರಳವಾಯ್ತು. PORT ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಒಂದು ಕೋಡ್ ಬರುತ್ತೆ. ಅದಕ್ಕೆ ನಾಲ್ಕು ದಿನ ಆಯಸ್ಸು. ಅದನ್ನು ಹೊಸ ಕಂಪನಿಗೆ ಕೊಟ್ಟರೆ ರಾಜ್ಯದೊಳಗೆ ಮೂರು ಕೆಲಸದ ದಿನಗಳಲ್ಲಿ ಬದಲಾವಣೆ ಮುಗಿಯಬೇಕು. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಪೋಸ್ಟ್‌ಪೇಯ್ಡ್ ಆದ್ರೆ ಬಿಲ್ ಬಾಕಿ ಇರಬಾರದು. ಕಳೆದ ಏಳು ದಿನದಲ್ಲಿ ಸಿಮ್ ಬದಲಿಸಿದ್ದರೆ ಕೋಡ್ ಸಿಗಲ್ಲ. ವಂಚಕರು ನಕಲಿ ಸಿಮ್ ತೆಗೆದು ನಂಬರನ್ನೇ ಹಾರಿಸಿಕೊಂಡು ಹೋಗದಿರಲಿ ಅಂತ 2024ರ ಜುಲೈನಿಂದ ಈ ಷರತ್ತು ಬಂದಿದೆ.

ನಂಬರ್‌ಗೆ ಇಷ್ಟು ಕಾವಲು ಯಾಕೆ? ಅದು ಈಗ ಬರೀ ಮಾತಾಡೋ ನಂಬರ್ ಅಲ್ಲ. ಆಧಾರ್, ಬ್ಯಾಂಕ್, ವಿದ್ಯಾರ್ಥಿವೇತನ, ಎಲ್ಲದರ ಒಟಿಪಿ ಅದಕ್ಕೇ ಬರುತ್ತೆ. ಲಿಂಗಸುಗೂರಿನಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋದವರಿಗೆ ನಂಬರ್ ಕಳಕೊಳ್ಳೋದು ಅಂದ್ರೆ ಖಾತೆಯ ಕೀಲಿಕೈ ಕಳಕೊಂಡಂತೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟು ಶೀಲಹಳ್ಳಿ ಸೇತುವೆ ಮುಳುಗಿದಾಗ ಕೃಷ್ಣೆಯ ಆಚೆಯ ಊರುಗಳಿಗೆ ಫೋನೇ ದಾರಿ.

ಹಾಗಾಗಿ ಹಕ್ಕು ದೊಡ್ಡದೇ. ಆದರೆ ಸಿಂಧನೂರು ಪೇಟೆಯಲ್ಲಿ ನಾಲ್ಕು ಕಂಪನಿ ತೂಗಿ ನೋಡುವವರಿಗೆ ಇರುವ ಹಕ್ಕು, "ಇರೋದೇ ಒಂದ್ ಟವರ್, ಎಲ್ಲಿಗ್ ಪೋರ್ಟ್ ಆಗೋಣ್ರೀ?" ಅನ್ನೋ ಹಳ್ಳಿಯವರಿಗೆ ಕಾಗದದ ಮೇಲಷ್ಟೇ ಇರುತ್ತೆ.

ತಾಂತ್ರಿಕವಾಗಿ ನೋಡಿ. ಪೋರ್ಟ್ ಆದಾಗ ಬದಲಾಗೋದು ಒಂದು ದಾಖಲೆ. ಈ ನಂಬರಿಗೆ ಕರೆ ಬಂದರೆ ಯಾವ ಕಂಪನಿಗೆ ಕಳಿಸಬೇಕು ಅನ್ನೋ ಪಟ್ಟಿಯಲ್ಲಿ ಒಂದು ಸಾಲು ತಿದ್ದುತ್ತಾರೆ, ಅಷ್ಟೇ. ಗುಡ್ಡದ ಮರೆಯ ಊರಿಗೆ ಅದರಿಂದ ಹೊಸ ಟವರ್ ಹುಟ್ಟಲ್ಲ. ಎಷ್ಟೋ ಕಡೆ ಎರಡು ಮೂರು ಕಂಪನಿಗಳ ಆಂಟೆನಾ ಒಂದೇ ಕಂಬದ ಮೇಲಿರುತ್ತೆ. ಆ ಕಂಬಕ್ಕೆ ಕರೆಂಟ್ ಹೋಗಿ ಬ್ಯಾಟರಿ ಖಾಲಿಯಾದರೆ ಯಾವ ಸಿಮ್ ಇದ್ದರೂ ಅಷ್ಟೇ.

2024ರ ಜುಲೈ ನೆನಪಿಸಿಕೊಳ್ಳಿ. ಜಿಯೋ, ಏರ್‌ಟೆಲ್, ವಿಐ ಮೂರೂ ದರ ಏರಿಸಿದವು. ಸಿಟ್ಟಿಗೆದ್ದ ಜನ ಬಿಎಸ್‌ಎನ್‌ಎಲ್ ಕಡೆ ಹೊರಟರು. ಆ ಒಂದೇ ತಿಂಗಳಲ್ಲಿ ಅದಕ್ಕೆ ಸುಮಾರು 29 ಲಕ್ಷ ಗ್ರಾಹಕರು ಹೆಚ್ಚಾದರು. ನವೆಂಬರ್ ಹೊತ್ತಿಗೆ ಲೆಕ್ಕ ಮತ್ತೆ ಇಳಿಯತೊಡಗಿತ್ತು. ಅದರ 4ಜಿ ಜಾಲಕ್ಕೆ ದೇಶದ ಮಟ್ಟದಲ್ಲಿ ಚಾಲನೆ ಸಿಕ್ಕಿದ್ದೇ 2025ರ ಸೆಪ್ಟೆಂಬರ್ 27ರಂದು. ಜನ ಬೆಲೆ ನೋಡಿ ಬಂದರು, ಆದರೆ ಅವರನ್ನು ಉಳಿಸಿಕೊಳ್ಳೋಕೆ ಬೇಕಿದ್ದ ಜಾಲ ಆಗ ತಯಾರಿರಲಿಲ್ಲ.

ಹಾಗಾದ್ರೆ ಕಂಪನಿಗಳನ್ನು ಕೇಳೋರು ಯಾರು? ಟ್ರಾಯ್ 2024ರಲ್ಲಿ ಗುಣಮಟ್ಟದ ಹೊಸ ನಿಯಮ ತಂದಿದೆ. ಒಂದು ಜಿಲ್ಲೆಯಲ್ಲಿ 24 ಗಂಟೆಗೂ ಹೆಚ್ಚು ಹೊತ್ತು ಸೇವೆ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ಕೇಳೋಕೆ ಚೆನ್ನಾಗಿದೆ. ಆದರೆ ಅಳತೆಗೋಲು ಗಮನಿಸಿ: ಜಿಲ್ಲೆ. ಮಸ್ಕಿ ತಾಲ್ಲೂಕಿನ ಒಂದು ಊರಿನಲ್ಲಿ ಮೂರು ದಿನ ಸಿಗ್ನಲ್ ಇಲ್ಲದಿದ್ದರೂ ರಾಯಚೂರು ಜಿಲ್ಲೆಯ ಲೆಕ್ಕದಲ್ಲಿ ಏನೂ ಆಗಿಲ್ಲ. ನಮ್ಮ ತಕರಾರು ಇರಬೇಕಾದ್ದು ಇಲ್ಲಿ.

ಅದೇ ನಿಯಮ ನಮ್ಮ ಕೈಗೆ ಒಂದು ಅಸ್ತ್ರವನ್ನೂ ಕೊಟ್ಟಿದೆ. ಎಲ್ಲಿ 2ಜಿ, ಎಲ್ಲಿ 4ಜಿ, ಎಲ್ಲಿ 5ಜಿ ಸಿಗುತ್ತೆ ಅನ್ನೋ ನಕ್ಷೆಯನ್ನು ಕಂಪನಿಗಳು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಲೇಬೇಕು. ಪೋರ್ಟ್ ಆಗೋ ಮುಂಚೆ ಅದನ್ನು ತೆಗೆದು ನೋಡಿ. ಆಮೇಲೆ ಆ ಕಂಪನಿಯ ಸಿಮ್ ಇರೋ ಗೆಳೆಯರ ಫೋನ್ ಹಿಡಿದು ಮನೆಯೊಳಗೆ, ಹೊಲದಲ್ಲಿ, ಕರೆಂಟ್ ಹೋದಾಗ ಪರೀಕ್ಷೆ ಮಾಡಿ. ಒಮ್ಮೆ ಹೋದರೆ 90 ದಿನ ವಾಪಸ್ ಬರೋ ಹಾಗಿಲ್ಲ.

ನಕ್ಷೆಯಲ್ಲಿ ಬಣ್ಣ ಇದ್ದು ಊರಲ್ಲಿ ಸಿಗ್ನಲ್ ಇಲ್ಲ ಅಂದ್ರೆ ಅದನ್ನು ದಿನಾಂಕ ಸಮೇತ ಬರೆದಿಡಿ. ಕಂಪನಿಗೆ ದೂರು ಕೊಟ್ಟು ನಂಬರ್ ಪಡೆಯಿರಿ, ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ, ಸಂಸದರಿಗೆ ಕಳಿಸಿ. ಕಂಪನಿಗಳ ಆದಾಯದ ಶೇ 5 ಭಾಗ ಡಿಜಿಟಲ್ ಭಾರತ್ ನಿಧಿಗೆ ಹೋಗೋದು ಇಂಥ ಊರುಗಳಿಗೆ ಜಾಲ ತಲುಪಿಸಲಿ ಅಂತಲೇ. ನಮ್ಮೂರಿಗೆ ಅದರಿಂದ ಏನು ಬಂತು ಅಂತ ಕೇಳಿ.

ಪೋರ್ಟ್ ಒಬ್ಬೊಬ್ಬರೇ ಆಗಬಹುದು. ಟವರ್ ಮಾತ್ರ ಕಾಲುವೆ ಇದ್ದ ಹಾಗೆ, ಊರೇ ಕೂತು ಕೇಳಬೇಕು.