ಬದಲಿ ಬ್ಯಾಟರಿ: ವೋಲ್ಟ್ ಒಂದೇ ಸಾಲದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳ ಜನರು ಯಾವ ವಸ್ತುವನ್ನೂ ಸುಲಭವಾಗಿ ಬಿಸಾಡುವವರಲ್ಲ. ಮಳೆಯನ್ನು ನೆಚ್ಚಿ ಕೂರಲಾಗದ ಸೀಮೆಯಲ್ಲಿ ಮಿತವ್ಯಯವು ಹುಟ್ಟುಗುಣವಾಗುವುದು ಸಹಜವೇ ಸರಿ. ಒಂದು ಪಂಪಿನ ಬಿಡಿಭಾಗವನ್ನು ಇನ್ನೊಂದಕ್ಕೆ ಹೊಂದಿಸುವುದು, ಕರೆಂಟು ಹೋದ ರಾತ್ರಿ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಕಣದಲ್ಲಿ ದೀಪ ಉರಿಸುವುದು—ಇಂಥ ಜಾಣ್ಮೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ತರಗತಿಯಲ್ಲಿ ನಾವು ಕಲಿಸುವ ವಿದ್ಯುಚ್ಛಾಸ್ತ್ರಕ್ಕಿಂತ ಹೆಚ್ಚಿನದನ್ನು ಕೆಲವು ಮೆಕ್ಯಾನಿಕ್ಕರು ಕೈಯಿಂದಲೇ ಕಲಿತಿರುತ್ತಾರೆ. ಆದರೂ ಒಂದು ಬಗೆಯ ಬದಲಿಯನ್ನು ಕುರಿತು ಎಚ್ಚರಿಕೆಯ ಮಾತನ್ನು ಹೇಳಲೇಬೇಕಾಗಿದೆ.

ಕಳೆದ ಸುಗ್ಗಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆಯವರು ತಮ್ಮ ಗೋದಾಮಿಗೆ ಕರೆದರು. ನಮ್ಮ ಕಡೆ ಮೆಕ್ಕೆಜೋಳ, ಶೇಂಗಾಗಳ ಚೀಲಗಳನ್ನು ಹೊರುವುದು ಬಹುಮಟ್ಟಿಗೆ ಇಂದಿಗೂ ಹಮಾಲರ ಹೆಗಲೇ. ಇವರು ಮಾತ್ರ ನಗರದ ಕಾರ್ಖಾನೆಯೊಂದರಿಂದ ಹಳೆಯ ವಿದ್ಯುತ್ ಫೋರ್ಕ್‌ಲಿಫ್ಟನ್ನು ಕೊಂಡು ತಂದಿದ್ದರು. ಮುಂದೆ ಎರಡು ಉಕ್ಕಿನ ಕವಲುಗಳನ್ನು ಚಾಚಿ, ಹಲಗೆಯ ಮೇಲೆ ಜೋಡಿಸಿದ ಹೊರೆಯನ್ನು ಎತ್ತಿ ಒಯ್ಯುವ ಗಾಡಿ ಅದು. ಅದರ 48 ವೋಲ್ಟಿನ ಮೂಲ ಬ್ಯಾಟರಿ ಸತ್ತಿತ್ತು. ಹೊಸದರ ಬೆಲೆ ಗಾಡಿಗೆ ಕೊಟ್ಟ ಬೆಲೆಯನ್ನೇ ಮೀರುತ್ತಿತ್ತಾದ್ದರಿಂದ, 12 ವೋಲ್ಟಿನ ನಾಲ್ಕು ಲಾರಿ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಲಾಗಿತ್ತು.

“ನಾಲ್ಕು ಹನ್ನೆರಡಲೆ ನಲವತ್ತೆಂಟು. ಲೆಕ್ಕ ಸರಿಯಾಗಿದೆಯಲ್ಲ, ಮೇಷ್ಟ್ರೇ? ಆದರೂ ಒಂದು ತಾಸು ದುಡಿದರೆ ಸುಸ್ತಾಗಿ ನಿಲ್ಲುತ್ತದೆ,” ಎಂದರು ಯಜಮಾನರು.

ನನ್ನ ಕಣ್ಣು ಬೇರೊಂದು ಕಡೆಗೆ ಹೋಗಿತ್ತು. ಗಾಡಿ ಹೊರೆ ಎತ್ತುವಾಗಲೆಲ್ಲ ಇಬ್ಬರು ಹಮಾಲರು ಅದರ ಹಿಂಭಾಗವನ್ನು ಹತ್ತಿ ನಿಲ್ಲುತ್ತಿದ್ದರು. ಏಕೆಂದು ಕೇಳಿದೆ. “ಹಿಂದಿನ ಗಾಲಿ ಮೇಲಕ್ಕೇಳುತ್ತದೆ ಸಾರ್, ಅದಕ್ಕೇ,” ಎಂದು ಅವರಲ್ಲಿ ಹಿರಿಯನಾದವನು ನಕ್ಕನು. ಆ ನಗೆಯನ್ನು ನಾನು ಇನ್ನೂ ಮರೆತಿಲ್ಲ.

ಹಿಂದಿನವರು ಬಾವಿಯ ಏತದ ಮರದ ಹಿಂತುದಿಗೆ ಕಲ್ಲು ಕಟ್ಟುತ್ತಿದ್ದುದನ್ನು ಹಿರಿಯ ವಾಚಕರು ಕಂಡಿರಬಹುದು. ಮುಂದಿನ ನೀರಿನ ಭಾರಕ್ಕೆ ಹಿಂದಿನ ಕಲ್ಲು ಸಮತೂಕವಾಗುತ್ತಿತ್ತು. ಫೋರ್ಕ್‌ಲಿಫ್ಟ್ ಸಹ ಒಂದು ಏತವೇ. ಮುಂದಿನ ಗಾಲಿಗಳ ಅಚ್ಚು ಅದರ ಆನಿಕೆ. ಕವಲಿನ ಮೇಲಿನ ಹೊರೆ ಒಂದು ಕಡೆ, ಗಾಡಿಯ ತೂಕ ಇನ್ನೊಂದು ಕಡೆ. ಆ ತೂಕದಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಎಂದರೆ ಇಲ್ಲಿ ಬ್ಯಾಟರಿಯು ವಿದ್ಯುತ್ತಿನ ಭಂಡಾರವಾಗಿರುವಂತೆಯೇ ಏತದ ಕಲ್ಲೂ ಆಗಿದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಂದೂವರೆ ಟನ್ ಎತ್ತುವ ಗಾಡಿಯ ಮೂಲ ಬ್ಯಾಟರಿ 700 ಕಿಲೋಗ್ರಾಂ, ನಾಲ್ಕು ಲಾರಿ ಬ್ಯಾಟರಿಗಳು ಸೇರಿ 110 ಕಿಲೋಗ್ರಾಂ ಎಂದು ಇಟ್ಟುಕೊಳ್ಳಿ. ಕೊರತೆ 590 ಕಿಲೋಗ್ರಾಂ. ಬ್ಯಾಟರಿಯ ಮಧ್ಯಭಾಗವು ಮುಂದಿನ ಅಚ್ಚಿನಿಂದ 0.7 ಮೀಟರ್ ಹಿಂದಿದ್ದರೆ, ಕಳೆದುಹೋದ ಸಮತೂಕದ ಪ್ರಮಾಣವು 590ನ್ನು 0.7ರಿಂದ ಗುಣಿಸಿದಾಗ ಬರುವ 413. ಅಚ್ಚಿನಿಂದ 1.7 ಮೀಟರ್ ದೂರದ ಹಿಂತುದಿಯಲ್ಲಿ ತಲಾ 60 ಕಿಲೋಗ್ರಾಂ ತೂಗುವ ಇಬ್ಬರು ನಿಂತರೆ ಮರಳಿ ಬರುವುದು 204, ಸುಮಾರು ಅರ್ಧ ಮಾತ್ರ. ಇನ್ನುಳಿದ ಅರ್ಧವನ್ನು ಅದೃಷ್ಟಕ್ಕೆ ಬಿಟ್ಟಂತಾಯಿತು. ಸಾಮಾನ್ಯವಾಗಿ ಈ ಗಾಡಿಗಳನ್ನು ತಿರುಗಿಸುವುದು ಹಿಂದಿನ ಗಾಲಿಗಳಿಂದ. ಅವು ನೆಲವನ್ನು ಬಿಟ್ಟ ಕ್ಷಣದಲ್ಲಿ ಚಾಲಕನ ಕೈಯಲ್ಲಿರುವ ಚಕ್ರವು ಆಟಿಕೆಯಾಗುತ್ತದೆ. ಗಾಡಿ ಧಡಕ್ಕನೆ ಮರಳಿ ನೆಲಕ್ಕೆ ಬಿದ್ದರೆ ಹಿಂದೆ ನಿಂತವರು ಉರುಳುತ್ತಾರೆ. ಮುಂದಕ್ಕೆ ಮಗುಚಿದರೆ ಹೊರೆಯ ಎದುರಿಗಿದ್ದವನ ಗತಿಯೇನು?

ಇನ್ನು ಯಜಮಾನರ ಪ್ರಶ್ನೆಗೆ ಬರೋಣ. ವೋಲ್ಟ್ ಸರಿಯಿದ್ದರೂ ಗಾಡಿ ಏಕೆ ಬೇಗ ದಣಿಯಿತು? ನೀರಿನ ತೊಟ್ಟಿಯ ಎತ್ತರಕ್ಕೆ ವೋಲ್ಟನ್ನು ಹೋಲಿಸಬಹುದಾದರೆ, ತೊಟ್ಟಿಯ ಅಗಲಕ್ಕೆ ಆಂಪಿಯರ್-ಗಂಟೆಯನ್ನು ಹೋಲಿಸಬಹುದು. ಮೂಲ ಬ್ಯಾಟರಿ 400 ಆಂಪಿಯರ್-ಗಂಟೆಯದಾಗಿದ್ದರೆ ಅದರಲ್ಲಿ 48ರಿಂದ ಗುಣಿಸಿ 19,200 ವ್ಯಾಟ್-ಗಂಟೆ, ಅಂದರೆ ನಮ್ಮ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ 19 ಯೂನಿಟ್ಟಿಗೂ ಮೀರಿದ ಶಕ್ತಿ ಇರುತ್ತದೆ. 100 ಆಂಪಿಯರ್-ಗಂಟೆಯ ಲಾರಿ ಬ್ಯಾಟರಿಗಳ ಸಾಲಿನಲ್ಲಿ ಇರುವುದು ಐದು ಯೂನಿಟ್ಟಿಗೂ ಕಡಿಮೆ.

ಅದನ್ನೂ ಪೂರ್ತಿ ಬಳಸುವಂತಿಲ್ಲ. ಎಂಜಿನ್ನನ್ನು ಚಾಲೂ ಮಾಡಲು ಕೆಲವೇ ಸೆಕೆಂಡುಗಳ ಕಾಲ ಭಾರಿ ಪ್ರವಾಹವನ್ನು ಕೊಡುವುದಷ್ಟೇ ಲಾರಿ ಬ್ಯಾಟರಿಯ ಕೆಲಸ. ಅದಕ್ಕಾಗಿ ಅದರೊಳಗೆ ತೆಳುವಾದ ಸೀಸದ ಫಲಕಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಖರ್ಚಾದ ಅಲ್ಪ ಶಕ್ತಿಯನ್ನು ಎಂಜಿನ್ ಕೂಡಲೇ ತುಂಬಿಕೊಡುತ್ತದೆ. ಅಂಥ ಬ್ಯಾಟರಿಯನ್ನು ದಿನದಿನವೂ ತಳಮುಟ್ಟ ಬರಿದುಮಾಡಿದರೆ ಫಲಕಗಳ ಮೇಲಿನ ಸಕ್ರಿಯ ಪದಾರ್ಥವು ಉದುರುತ್ತದೆ. ಸೀಸದ ಸಲ್ಫೇಟು ಗಡುಸಾದ ಹರಳುಗಳಾಗಿ ಕೂರುತ್ತದೆ. ಕೆಲವು ತಿಂಗಳುಗಳಲ್ಲಿಯೇ ಹೊಸ ಬ್ಯಾಟರಿ ಗುಜರಿ ಸೇರುತ್ತದೆ. ಗಾಡಿ ಎಳೆಯಲೆಂದು ಮಾಡಿದ ಬ್ಯಾಟರಿಯ ಫಲಕಗಳಾದರೋ ದಪ್ಪವಾಗಿರುತ್ತವೆ, ಇಲ್ಲವೆ ಕೊಳವೆಯಾಕಾರದ ಹೊದಿಕೆಯಲ್ಲಿರುತ್ತವೆ. ಸರಿಯಾಗಿ ನೋಡಿಕೊಂಡರೆ ಅವು ಸಾವಿರಕ್ಕೂ ಹೆಚ್ಚು ಬಾರಿ ಬರಿದಾಗಿ ತುಂಬಬಲ್ಲವು.

ಮನೆಯ ಇನ್ವರ್ಟರಿನ ಕೊಳವೆ ಬ್ಯಾಟರಿ ಆಗಬಾರದೇ ಎಂದು ಕೆಲವರು ಕೇಳುವುದುಂಟು. ಅದು ಲಾರಿ ಬ್ಯಾಟರಿಗಿಂತ ಮೇಲು. ಆದರೆ ಅದರ ಮೇಲೆ ಬರೆದ 150 ಆಂಪಿಯರ್-ಗಂಟೆ ಎಂಬುದು ಸಾಮಾನ್ಯವಾಗಿ 20 ಗಂಟೆಗಳ ನಿಧಾನವಾದ ಬಳಕೆಗೆ ಕಟ್ಟಿದ ಲೆಕ್ಕ. ಗಾಡಿಯ ಬ್ಯಾಟರಿಯದು 5 ಗಂಟೆಗಳ ಲೆಕ್ಕ. ಬೇಗ ಬೇಗ ಹೀರಿದಷ್ಟೂ ಸೀಸದ ಬ್ಯಾಟರಿ ಕೊಡುವ ಒಟ್ಟು ವಿದ್ಯುತ್ತು ಕಡಿಮೆಯಾಗುತ್ತದೆಂಬುದನ್ನು ಜರ್ಮನಿಯ ಪ್ಯೂಕರ್ಟ್ 1897ರಲ್ಲಿಯೇ ತೋರಿಸಿಕೊಟ್ಟನು. ತೂಕದ ಕೊರತೆಯಂತೂ ಇಲ್ಲಿಯೂ ಉಳಿಯುತ್ತದೆ.

ಹಾಗಾದರೆ ಬದಲಿಯೇ ಕೂಡದೆ? ಹಾಗೆಂದು ನನ್ನ ವಾದವಲ್ಲ. ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಸೀಸದ ಬ್ಯಾಟರಿಯನ್ನು ರಚಿಸಿದ ಮೇಲೆ ಅದಕ್ಕೆ ಬದಲಿಯನ್ನು ಹುಡುಕುವ ಯತ್ನ ನಿಂತೇ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಡಿಸನ್ ವಿದ್ಯುತ್ ಗಾಡಿಗಳಿಗಾಗಿ ನಿಕಲ್-ಕಬ್ಬಿಣದ ಕೋಶವನ್ನು ತಂದನು. ಅದರ ಒಂದು ಕೋಶಕ್ಕೆ ಸುಮಾರು 1.2 ವೋಲ್ಟ್, ಸೀಸದ 24 ಕೋಶಗಳ ಜಾಗದಲ್ಲಿ ಅದರ 40 ಕೋಶಗಳು ಬೇಕು. ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು, 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿಂದ 48 ವೋಲ್ಟ್ ಪಡೆಯುತ್ತಿತ್ತು. 2009ರಲ್ಲಿ ಅದರ ಲಿಥಿಯಂ ಮಾದರಿಯೂ ಬಂದಿತು. ಕಾರಿನ ಬ್ಯಾಟರಿ ಹಗುರವಾದಷ್ಟೂ ಲಾಭ. ಫೋರ್ಕ್‌ಲಿಫ್ಟಿನಲ್ಲಿ ಅದೇ ಹಗುರತನವು ದೋಷವಾಗುತ್ತದೆ; ಲಿಥಿಯಂ ಹಾಕಿದರೆ ಕೊರತೆಯಾದ ತೂಕವನ್ನು ಭದ್ರವಾಗಿ ಬಿಗಿದ ಕಬ್ಬಿಣದಿಂದ ತುಂಬಬೇಕು. ಕೋಶಗಳನ್ನು ಕಾಯುವ ನಿಯಂತ್ರಣ ಮಂಡಲವು ಹೊರೆ ಎತ್ತುವಾಗಿನ ಭಾರಿ ಪ್ರವಾಹವನ್ನು ತಾಳುವಂತಿರಬೇಕು. ಚಾರ್ಜರು ಲಿಥಿಯಂಗೆಂದೇ ಮಾಡಿದ್ದಾಗಿರಬೇಕು.

ಚಾರ್ಜು ಮಾಡುವ ಸ್ಥಳದ ವಿಷಯದಲ್ಲಿಯೂ ಒಂದು ಮಾತು. ಸೀಸದ ಬ್ಯಾಟರಿ ತುಂಬುತ್ತ ಬಂದಂತೆ ಜಲಜನಕವನ್ನು ಹೊರಬಿಡುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ 4ರಷ್ಟಾದರೆ ಒಂದು ಕಿಡಿ ಸಾಕು. ದೊಡ್ಡ ಬ್ಯಾಟರಿಗೆ ಹೊಂದಿಸಿದ ಹಳೆಯ ಚಾರ್ಜರಿಗೆ ಸಣ್ಣ ಬ್ಯಾಟರಿಗಳನ್ನು ಸಿಕ್ಕಿಸಿದರೆ ಅವು ಕಾದು ಇನ್ನಷ್ಟು ಅನಿಲವನ್ನು ಉಗುಳುತ್ತವೆ. ಗೋಣಿಚೀಲ, ಕಾಳಿನ ಧೂಳು ತುಂಬಿದ ಕಿಟಕಿಯಿಲ್ಲದ ಮೂಲೆಯು ಈ ಕೆಲಸಕ್ಕೆ ತಕ್ಕ ಸ್ಥಳವಲ್ಲ.

ಆದ್ದರಿಂದ ಗಾಡಿಯ ಯಜಮಾನರು ಬದಲಿಗೆ ಕೈಹಾಕುವ ಮುನ್ನ ಅದರ ಮೇಲಿನ ಲೋಹದ ಫಲಕವನ್ನು ಓದಬೇಕು. ವೋಲ್ಟಿನ ಜೊತೆಗೆ ಬ್ಯಾಟರಿಗೆ ಇರಲೇಬೇಕಾದ ಕನಿಷ್ಠ ತೂಕವನ್ನೂ ಅಲ್ಲಿ ಕೊಟ್ಟಿರುವುದು ವಾಡಿಕೆ. ಎರಡನೆಯದಾಗಿ, ಇಡೀ ಬ್ಯಾಟರಿ ಸತ್ತಿತೆಂದು ತೀರ್ಮಾನಿಸುವ ಮೊದಲು, 2 ವೋಲ್ಟಿನ ಪ್ರತಿಯೊಂದು ಕೋಶವನ್ನೂ ಗಾಡಿ ದುಡಿಯುವಾಗ ವೋಲ್ಟ್‌ಮೀಟರಿನಿಂದಲೂ, ಪೂರ್ತಿ ಚಾರ್ಜಾದ ಮೇಲೆ ಆಮ್ಲದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರಿನಿಂದಲೂ ಪರೀಕ್ಷಿಸಬೇಕು. ಅನೇಕ ವೇಳೆ ಕೆಟ್ಟಿರುವುದು ಎರಡು ಮೂರು ಕೋಶಗಳು ಮಾತ್ರ. ಅವನ್ನಷ್ಟೇ ಅದೇ ಅಳತೆಯವುಗಳಿಂದ ಬದಲಿಸಿದರೆ ಖರ್ಚೂ ಉಳಿಯುತ್ತದೆ, ತೂಕವೂ ಉಳಿಯುತ್ತದೆ. ನಮ್ಮ ಯಜಮಾನರ ಗಾಡಿಯ ಹಳೆಯ ಪೆಟ್ಟಿಗೆ ಅದೃಷ್ಟವಶಾತ್ ಗೋದಾಮಿನ ಹಿಂದೆಯೇ ಬಿದ್ದಿತ್ತು. ಮೊದಲು ಈ ಪರೀಕ್ಷೆಯನ್ನೇ ಮಾಡಿಸಿರೆಂದು ಹೇಳಿ ಬಂದೆನು.

ನಮ್ಮಂಥ ಉಪಾಧ್ಯಾಯರ ಹೊಣೆಯೂ ಇಲ್ಲಿ ಇಲ್ಲದಿಲ್ಲ. ಸನ್ನೆಯ ನಿಯಮವನ್ನು ಒಂದು ಪಾಠದಲ್ಲಿಯೂ ವಿದ್ಯುತ್ಕೋಶವನ್ನು ಇನ್ನೊಂದು ಪಾಠದಲ್ಲಿಯೂ ಕಲಿಸಿ, ಇವೆರಡೂ ಒಂದೇ ಯಂತ್ರದಲ್ಲಿ ಸಂಧಿಸುತ್ತವೆಂಬುದನ್ನು ನಾವು ಎಷ್ಟೋ ಸಲ ಹೇಳುವುದೇ ಇಲ್ಲ. ಈ ತಾಲ್ಲೂಕುಗಳ ಕಾಲೇಜುಗಳೂ ಐ.ಟಿ.ಐ.ಗಳೂ ವರ್ಷಕ್ಕೊಮ್ಮೆ ಸುಗ್ಗಿಗೆ ಮುಂಚೆ ಗೋದಾಮುಗಳ ಯಂತ್ರಗಳನ್ನು ನೋಡಿ ಬರುವ ಪದ್ಧತಿಯನ್ನು ಇಟ್ಟುಕೊಂಡರೆ, ಹುಡುಗರಿಗೆ ವಿದ್ಯೆಯೂ ವ್ಯಾಪಾರಿಗಳಿಗೆ ಉಪಕಾರವೂ ಆಗುವುದು. ಅದಕ್ಕಿಂತ ಮುಖ್ಯವಾಗಿ, ದಿನಗೂಲಿಗೆ ಬಂದವನು ಯಂತ್ರದ ಕೊರತೆಯನ್ನು ತನ್ನ ಮೈತೂಕದಿಂದ ತುಂಬಬೇಕಾದ ದುರ್ಗತಿ ತಪ್ಪುವುದು.